ಮುಖ ತೋರಿಸದ ಪಿಚ್ಚರ್

ಶುಕ್ರವಾರ, ಜುಲೈ 12

ಓಂ ನಮಃ ಶಿವಾಯ. ನಾಮ ಎರಡು ಪುಟ ಆಯಿತು.

ಈ ಪುಸ್ತಕದಲ್ಲಿ ಶಿವನಾಮ ಬಿಟ್ಟು ಬೇರೇನೂ ಬರೆಯಬಾರದು ಎಂದುಕೊಂಡೇ ಶುರು ಮಾಡಿದ್ದು. ಇಂಪನಾಗೆ ಸುಖವಾಗಿ ಹೆರಿಗೆಯಾಗಲಿ ಎಂದು ಹರಕೆ ಹೊತ್ತು, ಅವಳನ್ನು ತುರುವೇಕೆರೆಯಿಂದ ಬಾಣಂತನಕ್ಕೆ ಕರೆತಂದ ದಿನದಿಂದ ಬರೆಯುತ್ತಿದ್ದೇನೆ. ಹೆರಿಗೆ ಆಯಿತು. ಮಗು ಉಳಿಯಲಿಲ್ಲ. ಹರಕೆಯನ್ನು ಅರ್ಧಕ್ಕೆ ಬಿಡಬಾರದೆಂದು ನಾಮ ಮುಂದುವರಿಸಿದ್ದೇನೆ. ಇವತ್ತು ಕೆಳಗೆ ಜಾಗ ಉಳಿದಿದೆ. ಮನಸ್ಸಿನಲ್ಲಿರುವುದನ್ನು ಯಾರಿಗಾದರೂ ಹೇಳಬೇಕು, ಹೇಳುವಂಥವರು ಮನೆಯಲ್ಲಿ ಯಾರೂ ಇಲ್ಲ. ಶಿವನೇ ಓದಿಕೊಳ್ಳಲಿ.

ತಿಂಗಳು ತುಂಬಿತ್ತು. ಗಂಡು. ಹೊಟ್ಟೆಯಲ್ಲೇ ಹೋಗಿಬಿಟ್ಟಿತ್ತು. ತಿಪಟೂರಿನ ಆಸ್ಪತ್ರೆಯಲ್ಲಿ ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು, ತಾಯಿಗೆ ತೋರಿಸಲಾ ಎಂದು ಕೇಳಿದಳು. ನಾನು ಬೇಡ ಎಂದೆ. ನಮ್ಮಲ್ಲಿ ತೋರಿಸುವುದಿಲ್ಲ. ಮುಖ ನೋಡಿದರೆ ಆ ಜೀವ ಆಸೆಪಟ್ಟು ಮತ್ತೆ ಅದೇ ಹೊಟ್ಟೆಗೆ ಬರುತ್ತದೆ, ಮತ್ತೆ ಹಾಗೇ ಹೋಗುತ್ತದೆ. ನಮ್ಮ ಅತ್ತೆ ಹೇಳುತ್ತಿದ್ದರು. ಪಕ್ಕದ ಮನೆ ಪುಟ್ಟಗಂಗಮ್ಮನೂ ಆಸ್ಪತ್ರೆಗೆ ಹೊರಡುವಾಗ ಅದನ್ನೇ ಹೇಳಿದ್ದಳು, ಏನಾದರೂ ಹೆಚ್ಚುಕಡಿಮೆ ಆದರೆ ಮುಖ ನೋಡಬೇಡಿ ಎಂದು. ನಾನೂ ನೋಡಲಿಲ್ಲ. ಬಟ್ಟೆ ಮುಖದ ಮೇಲೆ ಎಳೆದೇ ಇತ್ತು. ಹಾಗೇ ನಮ್ಮ ಯಜಮಾನರ ಕೈಗೆ ಕೊಟ್ಟೆ. ಇವರು ಅರಳಗುಪ್ಪೆಗೆ ತಂದು ನಮ್ಮ ತೋಟದಲ್ಲೇ ಮಣ್ಣು ಮಾಡಿದರು. ತೋಟದಲ್ಲಿ ಎಲ್ಲಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಿರಿಯರು ಹೇಗೆ ಮಾಡುತ್ತಿದ್ದರೋ ಹಾಗೆ ಮಾಡಿದ್ದೇವೆ. ಅದರಲ್ಲಿ ತಪ್ಪೇನೂ ಇಲ್ಲ.

ಇಂಪನಾ ಎಚ್ಚರವಾದ ಮೇಲೆ ಕೇಳಿದ್ದು ಒಂದೇ ಮಾತು. "ಯಾರಂಗಿತ್ತಮ್ಮ?"

ನಾನು ಬಾಯಿಗೆ ಒಂದು ಗುಟುಕು ನೀರು ಹಾಕಿ, ಮಲಗವ್ವ ಎಂದೆ. ಅವತ್ತಿನಿಂದ ಅವಳು ಬಾಯಿ ಬಿಟ್ಟಿಲ್ಲ.

ಸೋಮವಾರ, ಜುಲೈ 15

ನಾಮ ಒಂದು ಪುಟ.

ಮಗು ಇಲ್ಲದಿದ್ದರೂ ಬಾಣಂತಿ ಬಾಣಂತಿಯೇ. ಎಣ್ಣೆ ಹಚ್ಚಿ ಬಿಸಿನೀರು ಹಾಕುತ್ತೇನೆ. ತೆಂಗಿನ ಚಿಪ್ಪಿನ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ತಲೆಗೆ ಹೊಗೆ ಕೊಡುತ್ತೇನೆ. ಕಿವಿಗೆ ಹತ್ತಿ, ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ. ಮಂಚದ ಕೆಳಗೆ ಕುಡುಗೋಲು ಇಟ್ಟಿದ್ದೇನೆ, ಕೆಟ್ಟದ್ದು ಹತ್ತಿರ ಬರಬಾರದೆಂದು. ಅವಳು ಎತ್ತಿದರೆ ಏಳುತ್ತಾಳೆ, ಕೂರಿಸಿದರೆ ಕೂರುತ್ತಾಳೆ.

ಎದೆಹಾಲು ನಿಲ್ಲುತ್ತಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ಮುಗಿಯಿತು. ಪುಟ್ಟಗಂಗಮ್ಮ ಬಂದು ಮಲ್ಲಿಗೆ ಹೂವನ್ನು ಎದೆಗೆ ಇಟ್ಟು ಬಟ್ಟೆ ಕಟ್ಟಿದಳು. ಸಂಜೆ ಬಿಚ್ಚಿದರೆ ಹೂವೆಲ್ಲ ಕಂದು, ನೈಟಿ ಎಲ್ಲ ಒದ್ದೆ. ಆ ವಾಸನೆ ಮೂಗಿನಿಂದ ಹೋಗುವುದಿಲ್ಲ. ಪೂಜೆಗೆ ಮಲ್ಲಿಗೆ ಬಿಟ್ಟು ಕಣಗಿಲೆ ತರುತ್ತಿದ್ದೇನೆ.

ಗುರುವಾರ, ಜುಲೈ 18

ನಾಮ ಅರ್ಧ ಪುಟ.

ಇವಳು ದಿನವೆಲ್ಲ ಫೋನು ಹಿಡಿದು, ಕಿವಿಗೆ ವೈರು ಸಿಕ್ಕಿಸಿಕೊಂಡು ಮಲಗಿರುತ್ತಾಳೆ. ಹಾಡು ಕೇಳುತ್ತಾಳೆ, ಕೇಳಲಿ ಎಂದು ಸುಮ್ಮನಿದ್ದೆ. ಇವತ್ತು ಹಾಲು ಕೊಡಲು ಹೋದವಳು ಬಗ್ಗಿ ನೋಡಿದರೆ, ಕನ್ನಡಿಯಲ್ಲಿ ಒಂದು ಹೆಂಗಸು, ಕೂದಲು ಮುಂದಕ್ಕೆ ಬಿಟ್ಟುಕೊಂಡು ನಿಂತಿದ್ದಾಳೆ. ಗೋಡೆಯ ಮೇಲೆ ರಕ್ತ. ದೆವ್ವದ ಪಿಚ್ಚರ್. ಒಂದಾದ ಮೇಲೆ ಒಂದು ಅದನ್ನೇ ನೋಡುತ್ತಿದ್ದಾಳೆ.

ನನಗೆ ಮೈ ಉರಿದುಹೋಯಿತು. ನಾನು ಕುಡುಗೋಲು ಇಟ್ಟು ಹೊರಗೆ ನಿಲ್ಲಿಸಿದ್ದನ್ನು ಇವಳು ಫೋನಿನಲ್ಲಿ ಒಳಗೆ ಕರೆದುಕೊಂಡಿದ್ದಾಳೆ. ಕಿತ್ತುಕೊಂಡು ರಾಗಿ ಹಿಟ್ಟಿನ ಡಬ್ಬದೊಳಗೆ ಹುದುಗಿಸಿಟ್ಟೆ. ಅವಳು ಜಗಳ ಆಡಲಿಲ್ಲ. ಗೋಡೆಯ ಕಡೆ ತಿರುಗಿದಳು. ಹಾಲು ಹಾಗೇ ಕೆನೆಗಟ್ಟಿತು.

ಶನಿವಾರ, ಜುಲೈ 20

ಮೊನ್ನೆಯಿಂದ ಅನ್ನ ಮುಟ್ಟಿರಲಿಲ್ಲ. ಇವರು ಬಾಗಿಲಲ್ಲಿ ನಿಂತು, ಕೊಟ್ಬುಡೇ ಅದನ್ನ, ಎಂದು ಹೇಳಿ ತೋಟಕ್ಕೆ ಹೋದರು. ಡಬ್ಬದಿಂದ ತೆಗೆದು ಕೊಟ್ಟೆ. ಅವಳು ಹಿಟ್ಟನ್ನು ಬೆರಳಲ್ಲಿ ಒರೆಸುತ್ತಾ, ನನ್ನನ್ನು ನೋಡದೆ ಮಾತಾಡಿದಳು.

"ಅಮ್ಮ, ನಿನ್ ಜೀವ್ಮಾನದಲ್ಲಿ ಯಾವ್ ಪಿಚ್ಚರ್ ನೋಡಿ ಜಾಸ್ತಿ ಹೆದ್ರಿದ್ದೆ?"

ಇಷ್ಟು ದಿನದ ಮೇಲೆ ಮಾತು. ಆ ಮಾತಿಗೆ ಬೈಯಲು ನನ್ನಿಂದಾಗಲಿಲ್ಲ. ಕೆಳಗೆ ಕೂತು ಹೇಳಿದೆ.

ನಾನು ಹೊನ್ನವಳ್ಳಿಯಲ್ಲಿ ಶಾಲೆಗೆ ಹೋಗುವಾಗ ಅಲ್ಲಿ ಪಿಚ್ಚರ್ ಟೆಂಟು ಹಾಕಿದ್ದರು. ಪೋಸ್ಟರಿನಲ್ಲಿ ಗೋಪುರ ಇತ್ತೆಂದು ಅಪ್ಪ ದೇವರ ಪಿಚ್ಚರ್ ಎಂದುಕೊಂಡು ಎಲ್ಲರನ್ನೂ ಕರೆದುಕೊಂಡು ಹೋದರು. ಹೋಗಿ ನೋಡಿದರೆ ಅತ್ತೆ ಸೊಸೆಯನ್ನು ಬಾವಿಗೆ ನೂಕುತ್ತಾಳೆ. ಆಮೇಲಿನಿಂದ ಆ ಮನೆಯಲ್ಲಿ ಬೀಸುವ ಕಲ್ಲು ತಾನೇ ತಾನಾಗಿ ತಿರುಗುತ್ತದೆ. ಯಾರೂ ಇಲ್ಲ. ಕಲ್ಲು ತಿರುಗುತ್ತದೆ, ಹಿಟ್ಟು ಬೀಳುತ್ತದೆ, ಬಳೆ ಸದ್ದು ಮಾತ್ರ ಕೇಳುತ್ತದೆ. ಅಪ್ಪ ನಡುವೆಯೇ ಎದ್ದು ಶಿವಶಿವಾ ಎಂದು ಭಸ್ಮ ಹಚ್ಚಿಕೊಂಡರು, ಹಿಂದಿನವರು ಕೂತ್ಕಳ್ರೀ ಎಂದು ಕೂಗಿದರು. ಮಾರನೆ ದಿನ ನಾನು ಬೀಸುವ ಕಲ್ಲಿನ ಹತ್ತಿರ ಹೋಗಲಾರೆ ಎಂದೆ. ಅವ್ವ ಎರಡು ಏಟು ಕೊಟ್ಟು ಕೂರಿಸಿದಳು. ಕಣ್ಣು ಮುಚ್ಚಿಕೊಂಡೇ ರಾಗಿ ಬೀಸಿದೆ.

ಇಂಪನಾ ಪೂರ್ತಿ ಕೇಳಿದಳು. ಕೇಳಿ, "ಕೊನೇಲಿ ಅವ್ಳ ಮುಖ ತೋರ್ಸಿದ್ರಾ?" ಎಂದಳು. ನನಗೆ ಗೊತ್ತಿಲ್ಲ, ಅಷ್ಟರಲ್ಲಿ ಅಪ್ಪ ಎಬ್ಬಿಸಿಕೊಂಡು ಬಂದಿದ್ದರು ಎಂದೆ.

ಅರ್ಧ ಮುದ್ದೆ ತಿಂದಳು. ನಾಮ ನಾಳೆ ಸೇರಿಸಿ ಬರೆಯುತ್ತೇನೆ.

ಮಂಗಳವಾರ, ಜುಲೈ 23

ನನ್ನ ಹತ್ತಿರ ಇದ್ದದ್ದು ಅದೊಂದೇ ಪಿಚ್ಚರ್. ಮದುವೆಯಾದ ಮೇಲೆ ನೋಡಿದ್ದೆಲ್ಲ ಭಕ್ತಿಯದ್ದೇ, ಅದರಲ್ಲಿ ಹೆದರುವುದೇನಿದೆ. ನಿನ್ನೆ ಅವಳು ಇನ್ನೊಂದು ಹೇಳು ಎಂದಳು, ಇಲ್ಲವ್ವ ಎಂದೆ. ಅವಳು ಮತ್ತೆ ಗೋಡೆಗೆ ತಿರುಗಿದಳು.

ಕೊಬ್ಬರಿಗೆಂದು ವರ್ಷದಿಂದ ಅಟ್ಟದಲ್ಲಿಟ್ಟ ತೆಂಗಿನಕಾಯಿ ಇಳಿಸಿದ್ದೇವೆ, ಈರಣ್ಣ ಸುಲಿಯಲು ಬಂದಿದ್ದಾನೆ. ಅವನಿಗೆ ಮಜ್ಜಿಗೆ ಕೊಡುವಾಗ ಹೇಗೋ ಕೇಳಿಬಿಟ್ಟೆ, ಈರಣ್ಣ ನೀನು ಯಾವ ಪಿಚ್ಚರ್ ನೋಡಿ ಹೆದರಿದ್ದೆ ಎಂದು. ಅವನು ನನ್ನ ಮುಖವನ್ನೇ ನೋಡಿದ. ಪೂಜೆ ಪುನಸ್ಕಾರ ಬಿಟ್ಟು ಬೇರೆ ಮಾತು ನನ್ನ ಬಾಯಲ್ಲಿ ಅವನು ಕೇಳಿದವನಲ್ಲ. ಆಮೇಲೆ ಕಾಯಿ ಪಕ್ಕಕ್ಕಿಟ್ಟು ಕೂತ.

ನಮ್ಮೂರ ಹೊರಗೆ ಟೆಂಟು ಇದ್ದಾಗ ಅವನ ಹತ್ತಿರ ಟಿಕೇಟಿಗೆ ಕಾಸಿರುತ್ತಿರಲಿಲ್ಲವಂತೆ. ಹಿಂದಿನಿಂದ ನುಸುಳಿ ಪರದೆಯ ಆಚೆ ಬದಿಯಲ್ಲಿ ಕೂತು ನೋಡುತ್ತಿದ್ದನಂತೆ. ಅಲ್ಲಿ ಎಲ್ಲ ಉಲ್ಟಾ. ಹೀರೋ ಎಡಗೈಯಲ್ಲಿ ತಾಳಿ ಕಟ್ಟುತ್ತಾನೆ, ಅಕ್ಷರವೆಲ್ಲ ಹಿಂದುಮುಂದು. "ದೆವ್ವುದ್ ಪಿಚ್ಚರ್ ಬಂದಿತ್ತು ಕಣಮ್ಮ. ದೆವ್ವ ನೋಡಿ ನಂಗೇನೂ ಆಗ್ನಿಲ್ಲ. ಪರ್ದೆ ಪಕ್ಕದಿಂದ ಇಣುಕಿ ಜನುದ್ ಕಡೀಕ್ ನೋಡ್ದೆ ನೋಡಿ. ಅಷ್ಟೂ ಜನ ಬಾಯಿ ತಕ್ಕಂಡು, ಕಣ್ಣರಳಿಸ್ಕಂಡು ಕೂತವ್ರೆ, ಒಬ್ರೂ ಉಸುರಾಡ್ತಿಲ್ಲ. ನಮ್ಮವ್ವನೂ ಅವ್ಳೆ ಅದ್ರಾಗೆ. ಅವ್ಳ ಮುಖ ಅಂಗೆ ನಾನ್ ಯಾವತ್ತೂ ನೋಡಿರ್ನಿಲ್ಲ. ಎದ್ದು ಓಡ್ಬುಟ್ಟೆ."

ಅದನ್ನೇ ಒಳಗೆ ಹೋಗಿ ಹೇಳಿದೆ. ಇಂಪನಾ ಎದ್ದು ಕೂತಳು. ಎರಡು ಸಲ ಹೇಳಿಸಿಕೊಂಡಳು.

ಭಾನುವಾರ, ಜುಲೈ 28

ಅಳಿಯಂದಿರು ಬಂದಿದ್ದರು. ಮೋಹನ್ ಕುಮಾರ್ ಒಳ್ಳೆಯ ಹುಡುಗ, ತುರುವೇಕೆರೆಯಲ್ಲಿ ಮೋಟಾರು ರಿಪೇರಿ ಅಂಗಡಿ. ಒಳಗೆ ಹೋಗಿ ಅವಳ ಮಂಚದ ತುದಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದರು. ಅವಳು ಫೋನು ನೋಡುತ್ತಿದ್ದಳು, ಅವರು ತಮ್ಮ ಕೈಯ ಗ್ರೀಸನ್ನು ನೋಡುತ್ತಿದ್ದರು.

ಹೊರಗೆ ಬಂದ ಮೇಲೆ ಕಾಫಿ ಕೊಟ್ಟು, ಅವರನ್ನೂ ಕೇಳಿದೆ. ಯಾಕೆ ಕೇಳುತ್ತೇನೆ ಎಂಬುದನ್ನೂ ಹೇಳಿದೆ. ಇದಕ್ಕೊಂದಕ್ಕೆ ಅವಳು ಕಿವಿ ಕೊಡುತ್ತಾಳೆ, ಕೇಳಿದ ದಿನ ಒಂದು ತುತ್ತು ಹೆಚ್ಚು ತಿನ್ನುತ್ತಾಳೆ ಎಂದೆ. ಅವರು ಲೋಟ ಕೆಳಗಿಟ್ಟರು.

"ಸ್ಕ್ಯಾನಿಂಗ್ ಪರ್ದೆ, ಅತ್ತೆ. ಕಪ್ಪು ಬಿಳುಪು. ನಾನು ಬಾಗ್ಲಲ್ಲಿ ನಿಂತಿದ್ದೆ. ಹಿಂದ್ಲು ಸಲ ಹೋದಾಗ ಅದ್ರಲ್ಲಿ ಮಿಣಮಿಣ ಅಂತಿತ್ತು. ಈ ಸಲ ಡಾಕ್ಟ್ರು ಮಾತೇ ಆಡ್ದೆ ಅದನ್ನೇ ನೋಡ್ತಾ ಕೂತ್ಬುಟ್ರು. ಅದ್ರಲ್ಲಿ ಏನೂ ಆಗ್ತಿರ್ಲಿಲ್ಲ."

ಕಾಫಿ ಕುಡಿಯದೆ ಹೋದರು. ಒಳಗಿನಿಂದ ಇಂಪನಾ, ಅವರು ಏನಂದರು ಎಂದು ಕೇಳಿದಳು. ಅವರಿಗೆ ಯಾವ ಪಿಚ್ಚರಿಗೂ ಭಯ ಆಗುವುದಿಲ್ಲವಂತೆ ಎಂದೆ. ಸುಳ್ಳು ಹೇಳಿದ ಬಾಯಿ ಎಂದು ಪೂಜೆಗೆ ಮೊದಲು ಬಾಯಿ ಮುಕ್ಕಳಿಸಿ, ತಪ್ಪಾಯಿತು ಎಂದು ಕೇಳಿಕೊಂಡೆ.

ಶುಕ್ರವಾರ, ಆಗಸ್ಟ್ 2

ಮಠದ ಅಯ್ಯನವರ ಹತ್ತಿರ ಹೋಗಿ ತಾಯತ ಕಟ್ಟಿಸಿಕೊಂಡು ಬಂದೆ. ಅವರನ್ನೂ ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಬರುವಾಗ ಬಸ್ಸಿನಲ್ಲಿ ಕಂಡಕ್ಟರನನ್ನು ಕೇಳಿದೆ. ಅವನು ನಕ್ಕ. ಆಮೇಲೆ ನಮ್ಮೂರು ಬರುವವರೆಗೂ ನನ್ನ ಸೀಟಿಗೆ ಒರಗಿ ನಿಂತು ಹೇಳಿದ, ಬೊಂಬೆ ಕಣ್ಣು ಮಿಟುಕಿಸುವುದು. ಯಾರನ್ನು ಕೇಳಿದರೂ ಬೇಗನೆ ಹೇಳುತ್ತಾರೆ. ಇಷ್ಟು ದಿನ ಯಾರೂ ಕೇಳಿರಲಿಲ್ಲವೇನೋ.

ತಾಯತ ಕಟ್ಟಿದೆ. ಬೊಂಬೆಯ ಕಥೆ ಹೇಳಿದೆ. ಅವಳು ಬೊಂಬೆಯದನ್ನು ಮಾತ್ರ ಕೇಳಿದಳು.

ಗುರುವಾರ, ಆಗಸ್ಟ್ 8

ನಾಮ ಬರೆಯಲು ಹೊತ್ತಾಗಲಿಲ್ಲ. ತಿಪಟೂರಿಗೆ ಹೋಗಿದ್ದೆ.

ಅಜೀಜುನ್ನೀಸಾ ನಮಗೆ ಹಳೆಯ ಪರಿಚಯ, ಇಂಪನಾಳ ಮದುವೆ ರವಿಕೆಗಳನ್ನೆಲ್ಲ ಹೊಲಿದವಳು ಅವಳೇ. ಮಗುವಿಗೆಂದು ಹಳೆಯ ಸೀರೆಯಲ್ಲಿ ಕುಲಾವಿ, ಜುಬ್ಬ ಹೊಲಿಯಲು ಕೊಟ್ಟಿದ್ದೆ. ಬೇಡ ಎಂದು ಹೇಳಲು ಹೋದರೆ, ಅವಳಿಗೆ ಆಗಲೇ ಗೊತ್ತಾಗಿತ್ತು. ಹೊಲಿದದ್ದನ್ನೆಲ್ಲ ಬಿಚ್ಚಿ, ಮತ್ತೆ ಬರೀ ಬಟ್ಟೆ ಮಾಡಿ ಮಡಚಿಟ್ಟಿದ್ದಳು. ಅದನ್ನು ಕೈಗೆ ಕೊಟ್ಟು ಬೇರೆ ಕಡೆ ನೋಡಿದಳು.

ಅವಳನ್ನೂ ಕೇಳಿದೆ. ಅವಳು ನೋಡಿದ್ದು ಒಂದೇ ಒಂದಂತೆ, ನೆಂಟರ ಮನೆಯ ಮದುವೆಯಲ್ಲಿ ವಿಡಿಯೋ ತಂದು ಹಾಕಿದ್ದರಂತೆ. "ಜೂಲಾ ಅಕ್ಕ. ತೊಟ್ಲು. ಒಳಗೆ ಬಚ್ಚಾ ಇಲ್ಲ, ತಾನೇ ತೂಗ್ತದೆ. ಅಮ್ಮ ಬಂದು ನಿಲ್ಸ್ತಾಳೆ, ಅವ್ಳು ಹೋದ್ರೆ ಮತ್ತೆ ತೂಗ್ತದೆ." ಅಷ್ಟು ಹೇಳಿ, ಹೇಳಬಾರದಿತ್ತು ಎಂದು ಬಾಯಿಗೆ ಸೆರಗು ಇಟ್ಟುಕೊಂಡಳು.

ಬಸ್ಸಿನಲ್ಲಿ ಬರುತ್ತಾ ಕಥೆಯಿಂದ ತೊಟ್ಟಿಲನ್ನು ತೆಗೆದು ಹೊಲಿಗೆ ಮಿಷನ್ ಇಟ್ಟೆ. ಹೊಲಿಯುವವಳು ಇಲ್ಲ, ಮಿಷನ್ ತಾನೇ ತುಳಿಯುತ್ತದೆ, ಸೂಜಿ ತಾನೇ ಏರಿ ಇಳಿಯುತ್ತದೆ, ಬೆಳಿಗ್ಗೆ ನೋಡಿದರೆ ಒಂದು ರವಿಕೆ ಸಿದ್ಧ. ಇಂಪನಾಗೆ ಬಹಳ ಹಿಡಿಸಿತು. "ರವಿಕೆ ಯಾರ್ ಅಳತೇದು?" ಎಂದಳು. ಅದನ್ನು ನಾನು ಯೋಚಿಸಿರಲಿಲ್ಲ. ಸತ್ತವಳದ್ದೇ ಎಂದೆ.

ಇದನ್ನು ಸುಳ್ಳು ಎನ್ನಲು ಬರುವುದಿಲ್ಲ. ಬಾಣಂತಿ ಸಾರಿಗೆ ಖಾರ ಕಡಿಮೆ ಹಾಕುವ ಹಾಗೆ.

ಸೋಮವಾರ, ಆಗಸ್ಟ್ 12

ಶ್ರಾವಣ ಸೋಮವಾರ. ಪೂಜೆ ಮುಗಿಸಿದ ಮೇಲೆ ಪುಟ್ಟಗಂಗಮ್ಮನನ್ನು ಕರೆಸಿ ಇಂಪನಾಳ ಕೋಣೆಯ ಹೊಸ್ತಿಲಲ್ಲೇ ಕೂರಿಸಿದೆ. ನಮ್ಮೂರ ಟೆಂಟಿನಲ್ಲಿ ತಾನು ನೋಡಿದ ದೆವ್ವದ ಪಿಚ್ಚರ್ ಶುರು ಮಾಡಿದಳು. ಸ್ಮಶಾನ, ಬಿಳಿ ಸೀರೆ, ತಿರುಗಿದ ಪಾದ, ಹಲ್ಲಿನಲ್ಲಿ ಸಿಕ್ಕಿದ ಮಾಂಸ, ಎಲ್ಲವನ್ನೂ ಕಣ್ಣಿಗೆ ಕಟ್ಟಿದ ಹಾಗೆ, ಕೈಯ ಉಗುರನ್ನು ಹೀಗೆ ಹೀಗೆ ಮಾಡಿ ತೋರಿಸಿ ಹೇಳಿದಳು. ಕಾಯಿ ಸಿಪ್ಪೆ ಎತ್ತಲು ಬಂದ ಈರಣ್ಣ ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡ.

"ಗಂಗಕ್ಕ, ನೀನ್ ಆವತ್ತು ಸೆರಗು ಹೊದ್ಕಂಡು ಚಾಪೆ ಮ್ಯಾಲೆ ಬೋರ್ಲು ಬಿದ್ದಿದ್ದೆ. ನಾನು ಪರ್ದೆ ಪಕ್ಕದಿಂದ್ಲೇ ನೋಡಿವ್ನಿ."

"ನೋಡ್ದೋರ್ಗೆ ಏನ್ಲಾ ಗೊತ್ತಾಯ್ತದೆ? ಕಣ್ಣು ಮುಚ್ಕಂಡೋರ್ಗೇ ಪೂರ್ತಿ ಕಾಣಾದು. ಹೋಗು, ಸಿಪ್ಪೆ ಎತ್ತು."

ಒಳಗಿನಿಂದ ಇಂಪನಾ ನಕ್ಕಳು. ಸಣ್ಣದಾಗಿ, ಕೆಮ್ಮಿದ ಹಾಗೆ. ನಾನು ಅಡುಗೆ ಮನೆಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ.

ಸೋಮವಾರ, ಆಗಸ್ಟ್ 19

ಇವತ್ತು ಯಾರೂ ಸಿಗಲಿಲ್ಲ. ಅವಳು ಊಟ ಮಾಡಲಿಲ್ಲ.

ಭಾನುವಾರ, ಆಗಸ್ಟ್ 25

ಅಳಿಯಂದಿರು ಬರಲಿಲ್ಲ. ಬೀಗಿತ್ತಿ ಫೋನು ಮಾಡಿದ್ದರು. ಈ ವರ್ಷ ಗೌರಿಗೆ ಬಾಗಿನ ಏನೂ ಬೇಡ, ಅವಳು ಮೊದಲು ಸರಿಯಾಗಲಿ ಎಂದರು. ಹಗಲೆಲ್ಲ ದೆವ್ವ ನೋಡುತ್ತಾಳಂತೆ, ನೀವು ಬೇರೆ ಊರೂರು ತಿರುಗಿ ದೆವ್ವದ ಕಥೆ ತಂದು ಕೊಡುತ್ತೀರಂತೆ ಎಂದರು. ನಾನು ಹೌದು ಎಂದೆ. ಮುಂಚೆ ಆಗಿದ್ದರೆ ಅಂಥ ಮಾತಿಗೆ ನಾನೇ ನಾಚಿಕೆಯಿಂದ ಸಾಯುತ್ತಿದ್ದೆ.

ಈಗೀಗ ಅವಳ ಪಕ್ಕದಲ್ಲಿ ಮಲಗಿ ನಾನೂ ನೋಡುತ್ತೇನೆ. ಒಂದು ವೈರು ಅವಳ ಕಿವಿಗೆ, ಒಂದು ನನ್ನ ಕಿವಿಗೆ. ಪ್ರತಿಯೊಂದರಲ್ಲೂ ಕೊನೆಗೆ ಮುಖ ತೋರಿಸುತ್ತಾರೆ. ತೋರಿಸಿದ ಕೂಡಲೇ ಅವಳು ಫೋನು ಮಗುಚಿ, "ಇಷ್ಟೇ" ಎನ್ನುತ್ತಾಳೆ.

ಶುಕ್ರವಾರ, ಸೆಪ್ಟೆಂಬರ್ 6

ಗೌರಿ ಹಬ್ಬ. ಬೀದಿಯಲ್ಲಿ ಮೊರ ಹಿಡಿದುಕೊಂಡು ಹೆಣ್ಣುಮಕ್ಕಳು ಓಡಾಡಿದರು. ಬಾಗಿಲು ಹಾಕಿಕೊಂಡಿದ್ದೆವು.

ಮಂಗಳವಾರ, ಸೆಪ್ಟೆಂಬರ್ 10

ನಾಮ ಬರೆಯಲಿಲ್ಲ. ಆದದ್ದನ್ನು ಬರೆಯುತ್ತೇನೆ.

ಇವರು ಕೊಬ್ಬರಿ ಹಾಕಿಕೊಂಡು ತಿಪಟೂರಿನ ಮಂಡಿಗೆ ಹೋಗಿದ್ದರು. ಒಳಗೇ ಇದ್ದು ಇದ್ದು ಹುಡುಗಿ ಬೆಳ್ಳಗೆ ಬಿಳಿಚಿಕೊಂಡಿದ್ದಾಳೆ, ಸ್ವಲ್ಪ ಗಾಳಿಗೆ ಬರಲಿ ಎಂದು ಮಧ್ಯಾಹ್ನ ತೋಟಕ್ಕೆ ಕರೆದುಕೊಂಡು ಹೋದೆ. ನಾನು ಬಿದ್ದ ಗರಿ ಎಳೆದು ಹಾಕುತ್ತಿದ್ದೆ. ಅವಳು ಮುಂದೆ ಮುಂದೆ ನಡೆದು ಒಂದು ಕಡೆ ನಿಂತಳು.

ನಮ್ಮ ತೋಟ ನಮ್ಮ ಮಾವ ಹಗ್ಗ ಹಿಡಿದು ಇಟ್ಟದ್ದು. ಯಾವ ಮೂಲೆಯಲ್ಲಿ ನಿಂತು ನೋಡಿದರೂ ಮರಗಳು ಸಾಲಾಗಿ ಕಾಣುತ್ತವೆ. ಒಂದು ಮರ ಹೋದರೆ ಅದೇ ಜಾಗದಲ್ಲಿ ಸಸಿ ಇಡಬೇಕು. ಸಾಲಿನ ನಡುವೆ ಇಟ್ಟರೆ ಎರಡು ಕಡೆಯ ಬೇರೂ ಸೇರಿ ಮೂರೂ ಕೆಡುತ್ತವೆ, ಇದು ನಮ್ಮಲ್ಲಿ ಎಳೆ ಮಕ್ಕಳಿಗೂ ಗೊತ್ತು. ಅವಳು ನಿಂತ ಕಡೆ, ಎರಡು ಸಾಲಿನ ನಟ್ಟನಡುವೆ ಒಂದು ಹೊಸ ಸಸಿ. ಸುತ್ತ ಮುಳ್ಳು ಕಟ್ಟಿದೆ.

"ಇದ್ಯಾಕಮ್ಮ ಸಾಲು ತಪ್ಪೈತೆ?"

ನಾನು ನೋಡಿದೆ. ಎಳೆಯುತ್ತಿದ್ದ ಗರಿ ಬಿಟ್ಟು ಹತ್ತಿರ ಹೋದೆ.

"ಅಪ್ಪ ಸಾಲು ತಪ್ಪಿ ನೆಡೋರಲ್ಲ," ಎಂದಳು. ಮುಳ್ಳನ್ನು ಕೈಯಲ್ಲೇ ಕಿತ್ತೆಸೆದು, ಸಸಿಯ ಬುಡದಲ್ಲಿ ಕೂತು ಮಣ್ಣು ತೋಡಲು ಶುರು ಮಾಡಿದಳು. ಮಳೆ ಬಿದ್ದ ಮಣ್ಣು, ಮೆತ್ತಗಿತ್ತು. ನಾನು ಹಿಂದಿನಿಂದ ತಬ್ಬಿ ಎಳೆದೆ. ಬಾಣಂತಿ ಮೈಯಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ. ಅಳಲಿಲ್ಲ, ಕೂಗಲಿಲ್ಲ. ನನಗೆ ಬುದ್ಧಿ ಹೇಳುವವಳ ಹಾಗೆ ಮೆಲ್ಲಗೆ ಹೇಳುತ್ತಿದ್ದಳು. "ನೋಡ್ಬುಟ್ಟು ಮುಚ್ಬುಡ್ತೀನಿ ಕಣಮ್ಮ. ಒಂದ್ಸಲ ಮುಖ ನೋಡ್ಬುಟ್ಟು ಮುಚ್ಬುಡ್ತೀನಿ."

ಈರಣ್ಣ ಪಂಪ್‌ಹೌಸಿನ ಹತ್ತಿರದಿಂದ ಓಡಿ ಬಂದು ಎತ್ತಿಕೊಂಡ. ಅವಳ ಉಗುರಿನೊಳಗಿನ ಮಣ್ಣನ್ನು ಕಡ್ಡಿಯಲ್ಲಿ ತೆಗೆದೆ. ತೆಗೆದದ್ದನ್ನು ಎಲ್ಲಿ ಹಾಕಬೇಕೋ ತಿಳಿಯದೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡೆ.

ಬುಧವಾರ, ಸೆಪ್ಟೆಂಬರ್ 11

ಇವರು ಬೆಳಿಗ್ಗೆ ಹೋಗಿ ಮಣ್ಣು ಎಳೆದು, ಸಸಿ ನೆಟ್ಟಗೆ ಮಾಡಿ, ಸುತ್ತ ಕ‌ಲ್ಲು ಇಟ್ಟು ಬಂದರು. ಜಗುಲಿಯ ಮೇಲೆ ಕೂತಿದ್ದರು. ನಾನು ಹತ್ತಿರ ಹೋಗಿ ಕೇಳಿದೆ. ಅಷ್ಟು ದೂರ ಎತ್ತಿಕೊಂಡು ಬಂದಿರಲ್ಲ, ನೀವಾದರೂ ಮುಖ ನೋಡಿದಿರಾ ಎಂದು.

"ಬಟ್ಟೆ ಸರ್ಸಕ್ಕೆ ಕೈ ಹಾಕ್ದೆ ಕಣೇ. ನೋಡ್ಬ್ಯಾಡಿ ಅಂತ ನೀನು ಅಂದಿದ್ಯಲ್ಲ. ಬುಟ್ಬುಟ್ಟೆ."

ಅಂದಿದ್ದೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಅಂದಿದ್ದೆ.

ಸಾಲು ತಪ್ಪಿಸಿ ಯಾಕೆ ನೆಟ್ಟಿರಿ ಎಂದು ಕೇಳಿದೆ. "ಸಾಲ್ನಲ್ಲಿ ನೆಟ್ಟಿದ್ರೆ ಆಮೇಲ್ಕೆ ಯಾವ್ದು ಅಂತ ಮರ್ತೋಯ್ತಿತ್ತು," ಎಂದರು.

ಗುರುವಾರ, ಸೆಪ್ಟೆಂಬರ್ 12

ಮೊದಲ ಬಸ್ಸಿಗೇ ತಿಪಟೂರಿಗೆ ಹೋದೆ. ಮುಖ ಹೇಗಿತ್ತೆಂದು ಆ ನರ್ಸಮ್ಮನನ್ನು ಕೇಳೋಣ, ಬಟ್ಟೆ ಸುತ್ತಿದವಳು ಅವಳೇ ಅಲ್ಲವೇ ಎಂದು. ಒಳ್ಳೆಯವಳು, ಕೂರಿಸಿ ನೀರು ಕೊಟ್ಟಳು. ಬಹಳ ನೆನಪು ಮಾಡಿಕೊಂಡಳು. "ಎಲ್ಲ ಮಕ್ಳೂ ಹುಟ್ದಾಗ ಒಂದೇ ತರ ಇರ್ತವೆ ಅಮ್ಮ. ಸುಳ್ಳು ಯಾಕೆ ಹೇಳ್ಲಿ, ನಂಗೆ ನೆನಪಿಲ್ಲ," ಎಂದಳು.

ಅವಳಿಂದ ಸುಳ್ಳು ಹೇಳಲು ಆಗಲಿಲ್ಲ. ಅಲ್ಲಿಗೆ ಮುಗಿಯಿತು. ಈ ಲೋಕದಲ್ಲಿ ಆ ಮುಖವನ್ನು ನೋಡಿ ಇಟ್ಟುಕೊಂಡವರು ಯಾರೂ ಇಲ್ಲ.

ಶನಿವಾರ, ಸೆಪ್ಟೆಂಬರ್ 14

ಮಂಗಳವಾರದಿಂದ ಅವಳು ಫೋನನ್ನೂ ಮುಟ್ಟಿಲ್ಲ. ನೀರು ಮಾತ್ರ. ತೋಟದ ಕಡೆಯ ಬಾಗಿಲಿಗೆ ಬೀಗ ಹಾಕಿದ್ದೇವೆ, ಅವಳು ಆ ಬೀಗವನ್ನೇ ನೋಡುತ್ತಾ ಕೂರುತ್ತಾಳೆ. ಇವರು, ಬೆಂಗಳೂರಿನಲ್ಲಿ ಮನಸ್ಸಿನ ಆಸ್ಪತ್ರೆ ಇದೆಯಂತೆ ಎಂದರು. ಹೋಗೋಣ ಎಂದೆ. ಅವಳು ಬದುಕಿದ್ದರೆ ತಾನೇ.

ಬೆಳಿಗ್ಗೆ ಗಂಜಿ ತೆಗೆದುಕೊಂಡು ಹೋಗಿ ಮಂಚದ ಪಕ್ಕ ಕೂತೆ.

ನಾನು ನೋಡಿದ್ದೆ ಕಣವ್ವ, ಎಂದೆ.

ಅವಳು ತಿರುಗಿದಳು.

ನರ್ಸಮ್ಮ ಕೈಗೆ ಕೊಟ್ಟಾಗ ಬಟ್ಟೆ ಸರಿಸಿ ನೋಡಿದೆ, ನೋಡಬಾರದು ಅನ್ನುತ್ತಾರಲ್ಲ, ಅದಕ್ಕೇ ಯಾರಿಗೂ ಹೇಳಲಿಲ್ಲ ಎಂದೆ. ಆಮೇಲೆ ಹೇಳುತ್ತಾ ಹೋದೆ. ತಲೆ ತುಂಬ ಕಪ್ಪು ಕೂದಲು, ನೆತ್ತಿಯ ಮೇಲೆ ಸುಳಿ. ಅಗಲ ಹಣೆ, ಅಳಿಯಂದಿರದ್ದು. ಮೂಗು ನಿನ್ನದು. ತುಟಿ ಚಿಕ್ಕದು, ಮುನಿಸಿಕೊಂಡ ಹಾಗೆ. ಎಡಗೆನ್ನೆಯಲ್ಲಿ ಗುಳಿ. ಎಲ್ಲಿಂದ ಬಂತೋ, ಒಂದು ಸಲವೂ ತಡೆಯಲಿಲ್ಲ. ಹೇಳುವಾಗ ನನಗೇ ಕಾಣುತ್ತಿತ್ತು.

"ಕಣ್ಣು?"

ಮುಚ್ಚಿತ್ತು, ನಿದ್ದೆ ಮಾಡಿದ ಹಾಗೆ ಎಂದೆ.

"ಲಿಂಗ ಮುಟ್ಟಿ ಹೇಳು."

ಕೊರಳಿನ ಲಿಂಗದ ಕರಡಿಗೆ ಹಿಡಿದುಕೊಂಡೆ. ಎಂಟು ವರ್ಷದವಳಿದ್ದಾಗ ದೀಕ್ಷೆಯಲ್ಲಿ ಕಟ್ಟಿದ ಲಿಂಗ. ನಾನು ಕಂಡದ್ದು ನಿಜ ಎಂದೆ.

ಗಂಜಿ ಕುಡಿದಳು. ಆಮೇಲೆ ಅತ್ತಳು. ಹೆರಿಗೆಯಾದ ಮೇಲೆ ಇದೇ ಮೊದಲು. ಅತ್ತು ಅತ್ತು ನನ್ನ ತೊಡೆಯ ಮೇಲೇ ನಿದ್ದೆ ಹೋದಳು. ಕಾಲು ಮರಗಟ್ಟಿದರೂ ಅಲುಗಾಡಲಿಲ್ಲ.

ಗುರುವಾರ, ಸೆಪ್ಟೆಂಬರ್ 19

ಬೆಳಿಗ್ಗೆ ಪೂಜೆಗೆ ಕೂತು ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟರೆ ಆ ಮುಖ ಬರುತ್ತದೆ. ಸುಳಿ, ಹಣೆ, ಮೂಗು, ತುಟಿ. ನಾನೇ ಬಾಯಲ್ಲಿ ಮಾಡಿದ್ದು, ಆದರೂ ಬರುತ್ತದೆ. ಕಣ್ಣು ಮುಚ್ಚಿಕೊಂಡೇ ಇರುತ್ತದೆ. ಇನ್ನು ಸ್ವಲ್ಪ ಹೊತ್ತು ನೋಡಿದರೆ ಕಣ್ಣು ಬಿಟ್ಟುಬಿಡುತ್ತದೇನೋ ಎಂದು ಬೇಗ ಕರಡಿಗೆಗೆ ಹಾಕಿ ಮುಚ್ಚುತ್ತೇನೆ.

ಯಾರಾದರೂ ನನ್ನನ್ನು ಈಗ ಕೇಳಿದರೆ ಬೀಸುವ ಕಲ್ಲಿನ ಪಿಚ್ಚರ್ ಎಂದು ಹೇಳುವುದಿಲ್ಲ.

ಅವಳು ದಿನವೂ ಹೇಳಿಸಿಕೊಳ್ಳುತ್ತಾಳೆ. ಹೇಳಿದ ದಿನ ಊಟ ಮಾಡುತ್ತಾಳೆ.

ಸೋಮವಾರ, ಸೆಪ್ಟೆಂಬರ್ 23

ಅಳಿಯಂದಿರು ಬಂದರು. ಕೈಯಲ್ಲಿ ದೊಡ್ಡ ಚೀಲ, ಅದರಲ್ಲಿ ಇಂಪನಾಳ ಸೀರೆ, ಬಟ್ಟೆಬರೆ. ಜಗುಲಿಯ ಮೇಲೆ ಇಟ್ಟು, ಒಳಗೆ ಬರದೆ ನಿಂತರು. "ಕರ್ಕಂಡ್ ಹೋಗಕ್ಕೆ ಮನೇಲಿ ಒಪ್ತಾ ಇಲ್ಲ ಅತ್ತೆ. ಅವ್ವ ಹಠ ಹಿಡಿದವ್ರೆ," ಎಂದರು. ನೀವೇನು ಹೇಳಿದಿರಿ ಎಂದು ನಾನು ಕೇಳಲಿಲ್ಲ. ಚೀಲವೇ ಹೇಳುತ್ತಿತ್ತು.

ಇಂಪನಾ ಕೋಣೆಯಿಂದ ಎದ್ದು ಬಂದು ಬಾಗಿಲಿಗೆ ಒರಗಿ ಕೂತಳು. ಚೀಲ ನೋಡಿದಳು. "ಅಮ್ಮ, ಇವ್ರಿಗೂ ಹೇಳು. ಇವ್ರಿಗೂ ಗೊತ್ತಿಲ್ವಲ್ಲ," ಎಂದಳು.

ಅಳಿಯಂದಿರು ನನ್ನ ಮುಖ ನೋಡಿದರು. ಆಸ್ಪತ್ರೆಯಲ್ಲಿ ನರ್ಸಮ್ಮ ಬಟ್ಟೆ ಸುತ್ತಿ ತಂದಾಗ ಅವರು ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಬಟ್ಟೆ ಸರಿಸಲಿಲ್ಲ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಅವರು ಬಾಯಿ ಬಿಟ್ಟರೆ ಎಲ್ಲ ಮುಗಿದ ಹಾಗೆ.

ಬಿಡಲಿಲ್ಲ. ಮೆಟ್ಟಿಲ ಮೇಲೆ ಕೂತರು.

ನಾನು ಶುರು ಮಾಡಿದೆ. ಕೂದಲು, ಸುಳಿ, ಹಣೆ. ಹಣೆ ನಿಮ್ಮದೇ ಎಂದಾಗ ಅವರ ಕೈ ತಾನಾಗಿ ಹಣೆಗೆ ಹೋಯಿತು. ಮೂಗು, ತುಟಿ. ಅವರು ಕೂತು ಕೇಳುತ್ತಿರುವುದಕ್ಕೋ ಏನೋ ನನ್ನ ಗಮನ ತಪ್ಪಿತು. ಬಲಗೆನ್ನೆಯಲ್ಲಿ ಗುಳಿ ಎಂದುಬಿಟ್ಟೆ.

"ಎಡಗಡೆ ಅಂದಿದ್ದೆ," ಎಂದಳು ಇಂಪನಾ.

ನನ್ನ ಕೈ ಕರಡಿಗೆಯ ಮೇಲಿತ್ತು, ತೆಗೆದೆ. ಅಳಿಯಂದಿರು ನೆಲ ನೋಡುತ್ತಿದ್ದರು. ಇಂಪನಾ ನನ್ನನ್ನೇ ನೋಡುತ್ತಿದ್ದಳು, ಕೋಪದಿಂದಲ್ಲ. ಅವಳಿಗೆ ತಿಳಿದುಹೋಯಿತು. ಇವತ್ತು ತಿಳಿಯಿತೋ, ಮೊದಲ ದಿನವೇ ತಿಳಿದಿತ್ತೋ, ನನಗೆ ಗೊತ್ತಿಲ್ಲ.

"ಬಲಗಡೆನೇ ಇರ್ಲಿ ಬುಡಮ್ಮ," ಎಂದಳು. "ಮುಂದಕ್ಕೆ ಹೇಳು."

ಹೇಳಿದೆ. ಇಷ್ಟು ದಿನ ಮುಖಕ್ಕೇ ನಿಲ್ಲಿಸುತ್ತಿದ್ದೆ. ಇವತ್ತು ಕುತ್ತಿಗೆ, ಭುಜ, ಮುಷ್ಟಿ ಕಟ್ಟಿದ ಕೈ, ಹೊಕ್ಕುಳು, ಮಂಡಿ, ಕಾಲಿನ ಬೆರಳಿನವರೆಗೂ ಹೇಳಿದೆ. ಹೇಳುವುದಕ್ಕೆ ಇನ್ನೇನೂ ಉಳಿಯಲಿಲ್ಲ. ಅಳಿಯಂದಿರು ಎದ್ದು, ಅವಳ ತಲೆಯ ಮೇಲೆ ಒಂದು ಸಲ ಕೈ ಇಟ್ಟು, ತುರುವೇಕೆರೆ ಬಸ್ಸಿಗೆ ಹೋದರು. ಚೀಲ ತೆಗೆದುಕೊಂಡು ಹೋಗಲಿಲ್ಲ.